ಮೊದಲ ಎರಡು ನಿಮಿಷದಲ್ಲೇ ಕೊನೆ ಗೊತ್ತಾಗುವ ಹಾಸ್ಯ ಧಾರಾವಾಹಿಯನ್ನು ನಾವೇಕೆ ನೋಡುತ್ತಲೇ ಇರುತ್ತೇವೆ?

ಹುಬ್ಬಳ್ಳಿ ಓದುಗಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ರಾತ್ರಿ ಊಟದ ಹೊತ್ತಿಗೆ ‘ತಾರಕ್ ಮೆಹ್ತಾ ಕಾ ಉಲ್ಟಾ ಚಶ್ಮಾ’ ಹಾಕುವುದು ಹಲವು ವರ್ಷಗಳ ರೂಢಿ. ಅದಿಲ್ಲದಿದ್ದರೆ ನಮ್ಮ ಅತ್ತೆಯವರಿಗೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಕಳೆದ ವಾರ, ಅದರಲ್ಲಿ ಮದುವೆಗೆ ಹೆಣ್ಣು ಹುಡುಕುತ್ತಲೇ ಇರುವ ಪೋಪಟ್‌ಲಾಲ್‌ಗೆ ಒಂದು ಹೆಣ್ಣಿನ ಕಡೆಯಿಂದ ಮಾತು ಬಂದಿದೆ ಎಂದು ತೆರೆಯ ಮೇಲೆ ಗೊತ್ತಾಗುತ್ತಿದ್ದಂತೆಯೇ, 12 ವರ್ಷದ ನನ್ನ ಮಗಳು ತಟ್ಟೆಯಿಂದ ತಲೆ ಎತ್ತದೆ, ‘ಈ ಸಂಬಂಧ ಮುರಿಯುತ್ತದೆ, ಜೇಠಾಲಾಲ್ ನಡುವೆ ಒಂದು ಸುಳ್ಳು ಹೇಳಿ ಸಿಕ್ಕಿಬೀಳುತ್ತಾನೆ, ಮೆಹ್ತಾ ಸಾಹೇಬರು ಬಂದು ಬಿಡಿಸುತ್ತಾರೆ’ ಎಂದಳು. ನಾಲ್ಕು ದಿನ ಕಾದು ನೋಡಿದೆವು. ಒಂದಕ್ಷರವೂ ತಪ್ಪಲಿಲ್ಲ.

ಈ ಧಾರಾವಾಹಿ 2008ರ ಜುಲೈ 28ರಂದು ಆರಂಭವಾಗಿ 4000 ಕಂತುಗಳನ್ನು ದಾಟಿದೆ. ಇಷ್ಟು ಉದ್ದಕ್ಕೆ ಎಳೆದ ಕಥೆ ಊಹೆಗೆ ಸಿಗುವುದು ಸಹಜವೆಂದು ನಾನೂ ಒಪ್ಪುತ್ತೇನೆ. ಆದರೆ ಊಹೆ ನಿಜವಾದಾಗ ಮಗಳಿಗೆ ಬೇಸರವಾಯಿತು, ಅತ್ತೆಯವರಿಗೆ ಸಂತೋಷವಾಯಿತು. ಒಂದೇ ಕಂತು ಒಂದೇ ಕೋಣೆಯಲ್ಲಿ ಹೀಗೆ ಎರಡು ಬಗೆಯಾಗಿ ಮುಟ್ಟಿದ್ದೇಕೆ? ಇದು ಬರಹಗಾರರ ಸೋಮಾರಿತನವೋ, ಅಥವಾ ಈ ಪ್ರಕಾರದ ಸ್ವಭಾವವೇ ಹೀಗೋ? ಬಲ್ಲವರು ತಿಳಿಸಬೇಕು.

ಜಯನಗರದವ

ಸೋಮಾರಿತನವೇ, ಅದರಲ್ಲಿ ನನಗೆ ಅನುಮಾನವಿಲ್ಲ. ಹಣ ಬರುತ್ತಿರುವವರೆಗೆ ಅವರು ಏಕೆ ಬದಲಾಯಿಸಬೇಕು?

ಸಿಯಾಟಲ್ ಮಳೆ

ಇಷ್ಟು ಬೇಗ ತೀರ್ಪು ಕೊಡಬೇಡಿ ಸರ್. ನಾನಿರುವ ಊರಿನಲ್ಲಿ ಕಥೆ ನಡೆಯುವ ‘ಫ್ರೇಸಿಯರ್’ ಎಂಬ ಅಮೆರಿಕದ ಧಾರಾವಾಹಿಯನ್ನು ಮೂರು ಬಾರಿ ಪೂರ್ತಿಯಾಗಿ ನೋಡಿರುವವನಾಗಿ ಹೇಳುತ್ತೇನೆ. 1993ರಿಂದ 2004ರವರೆಗೆ 264 ಕಂತುಗಳು ಬಂದವು. ಅದರಲ್ಲಿ ನಗು ಹುಟ್ಟುತ್ತಿದ್ದುದೇ ಮುಂದೇನಾಗುತ್ತದೆ ಎಂಬುದು ನಮಗೆ ಮೊದಲೇ ಗೊತ್ತಿರುವುದರಿಂದ. ಹಿಮದ ಬೆಟ್ಟದ ಮನೆಗೆ ಎಲ್ಲರೂ ರಜೆಗೆ ಹೋಗುವ ಕಂತೊಂದಿದೆ. ಅಲ್ಲಿ ಪ್ರತಿಯೊಬ್ಬರೂ ತಮ್ಮನ್ನು ಬಯಸದವರನ್ನೇ ಬಯಸುತ್ತಿರುತ್ತಾರೆ. ಕಿವಿ ಕಟ್ಟಿಕೊಂಡ ತಂದೆ ತಪ್ಪಾಗಿ ಕೇಳಿಸಿಕೊಂಡ ಮಾತೊಂದನ್ನು ಮಗನಿಗೆ ದಾಟಿಸುತ್ತಾರೆ. ಆ ಕ್ಷಣದಿಂದಲೇ ರಾತ್ರಿ ಯಾವ ಕೋಣೆಯ ಬಾಗಿಲನ್ನು ಯಾರು ತಟ್ಟುತ್ತಾರೆಂದು ನಾವು ಲೆಕ್ಕ ಹಾಕತೊಡಗುತ್ತೇವೆ, ಮತ್ತು ಪ್ರತಿ ಬಾಗಿಲು ತೆರೆದಾಗಲೂ ನಮ್ಮ ಲೆಕ್ಕ ಸರಿಯಾಯಿತೆಂದೇ ನಗುತ್ತೇವೆ. ಎಲ್ಲ ಮುಗಿದ ಮೇಲೆ, ಅಲ್ಲಿದ್ದವರಲ್ಲಿ ತನ್ನೊಬ್ಬನನ್ನು ಮಾತ್ರ ಯಾರೂ ಬಯಸಿರಲಿಲ್ಲವೆಂದು ಫ್ರೇಸಿಯರ್‌ಗೆ ಅರಿವಾಗುತ್ತದೆ. ಅದೊಂದನ್ನು ನಾನು ಊಹಿಸಿರಲಿಲ್ಲ. ಬರಹಗಾರರು ನಮಗೆ ಒಂಬತ್ತು ಸಂಗತಿಗಳನ್ನು ಊಹಿಸಲು ಬಿಟ್ಟು, ಹತ್ತನೆಯದನ್ನು ತಮ್ಮ ಬಳಿ ಇಟ್ಟುಕೊಂಡಿದ್ದರು.

ಅದೇ ಧಾರಾವಾಹಿಯಲ್ಲಿ ನೈಲ್ಸ್ ಎಂಬ ತಮ್ಮ, ತಂದೆಯ ಆರೈಕೆಗೆ ಬಂದ ಡ್ಯಾಫ್ನಿಯನ್ನು ಕಂಡಂದಿನಿಂದ ಪ್ರೀತಿಸುತ್ತಾನೆ. ಅವರು ಒಂದಾಗುತ್ತಾರೆಂದು ಎಲ್ಲರಿಗೂ ಗೊತ್ತಿತ್ತು, ಆದರೂ 2000ದಲ್ಲಿ ಏಳನೆಯ ಸೀಸನ್ ಮುಗಿಯುವವರೆಗೆ ಜನ ಕಾದರು. ಒಂದಾದ ನಂತರವೇ ಧಾರಾವಾಹಿಯ ಕಸುವು ಕಡಿಮೆಯಾಯಿತು ಎಂಬುದು ನನ್ನ ಅನಿಸಿಕೆ. ಗೊತ್ತಿದ್ದದ್ದು ನಡೆದದ್ದರಿಂದ ಹಾನಿಯಾಗಲಿಲ್ಲ. ಅದು ನಡೆದ ಮೇಲೆ ಆ ಇಬ್ಬರಿಗೆ ಮಾಡಲು ಕೆಲಸ ಉಳಿಯಲಿಲ್ಲ, ಅಲ್ಲಿ ಹಾನಿಯಾಯಿತು.

ಲೆಕ್ಕದ ಮೇಷ್ಟ್ರು

ಹಾಗಿದ್ದರೆ ‘ಚಿಯರ್ಸ್’ ಬಗ್ಗೆ ಏನು ಹೇಳುತ್ತೀರಿ? ಫ್ರೇಸಿಯರ್ ಎಂಬ ಪಾತ್ರ ಬಂದದ್ದೇ ಅಲ್ಲಿಂದ. 1982ರಿಂದ 1987ರವರೆಗೆ ಸ್ಯಾಮ್ ಮತ್ತು ಡಯಾನ್ ಜಗಳವಾಡುವುದು, ಒಂದಾಗುವುದು, ಬೇರೆಯಾಗುವುದು ಇದೇ ನಡೆಯಿತು. ಡಯಾನ್ ಪಾತ್ರದ ನಟಿ ಬಿಟ್ಟುಹೋದ ಮೇಲೆ ಕಥೆ ಮುಗಿಯಿತೆಂದೇ ಜನ ಭಾವಿಸಿರಬೇಕು. ಆದರೆ ಹೊಸ ಪಾತ್ರದೊಂದಿಗೆ ಇನ್ನೂ ಆರು ವರ್ಷ ನಡೆದು, 275 ಕಂತುಗಳಾಗಿ 1993ರಲ್ಲಿ ನಿಂತಿತು. ಒಂದು ಜೋಡಿಯ ಊಹಿಸಬಹುದಾದ ಕಥೆ ಕೈತಪ್ಪಿದ್ದೇ ಅವರಿಗೆ ಒಳ್ಳೆಯದಾಯಿತು ಎಂದು ನಾನು ವಾದಿಸುತ್ತೇನೆ.

ಶಿರಸಿ ಮದ್ದಳೆ

ನಮ್ಮ ಕಡೆಯವರಿಗೆ ಈ ಪ್ರಶ್ನೆ ಹೊಸದಲ್ಲ. ತಾಳಮದ್ದಳೆಯಲ್ಲಿ ವಾಲಿವಧೆಯ ಪ್ರಸಂಗವಿದ್ದಾಗ ವಾಲಿ ಸಾಯುತ್ತಾನೆಂದು ಚಾಪೆಯ ಮೇಲೆ ಕುಳಿತ ಮಗುವಿಗೂ ಗೊತ್ತು. ವೇಷವಿಲ್ಲ, ಕುಣಿತವಿಲ್ಲ, ಇರುವುದು ಭಾಗವತರ ಪದ ಮತ್ತು ಅರ್ಥಧಾರಿಗಳ ಮಾತು ಮಾತ್ರ. ಆದರೂ ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಇಂದು ಯಾವ ಪ್ರಶ್ನೆ ಕೇಳುತ್ತಾನೆ, ರಾಮನ ಅರ್ಥ ಹೇಳುವವರು ಅದಕ್ಕೆ ಹೇಗೆ ಉತ್ತರಿಸುತ್ತಾರೆ ಎಂಬುದನ್ನು ಕೇಳಲು ಜನ ನಿದ್ದೆಗೆಡುತ್ತಾರೆ. ಕಥೆ ಗೊತ್ತಿರುವುದು ಕೊರತೆಯಲ್ಲ, ಮಾತು ಗೊತ್ತಿದ್ದರೆ ಕೊರತೆ. ಪೋಪಟ್‌ಲಾಲ್‌ನ ಸಂಬಂಧ ಮುರಿಯಲಿ, ಆದರೆ ಪ್ರತಿ ಸಲವೂ ಹೊಸ ಮಾತಿನಿಂದ ಮುರಿಯಲಿ.

ಜಯನಗರದವ

ಹೋಲಿಕೆ ಚೆನ್ನಾಗಿದೆ, ಆದರೆ ನನಗೆ ಒಪ್ಪಿಗೆಯಿಲ್ಲ. ನಿಮ್ಮ ಪ್ರಸಂಗಕ್ಕೆ ಒಂದು ಮಂಗಳವಿದೆ. ಎಷ್ಟೇ ವಾದಿಸಿದರೂ ವಾಲಿ ಕೊನೆಗೆ ಸಾಯುತ್ತಾನೆ, ಕೇಳುಗರು ಎದ್ದು ಮನೆಗೆ ಹೋಗುತ್ತಾರೆ. ಈ ಧಾರಾವಾಹಿಗಳಲ್ಲಿ ವಾಲಿ ಸಾಯುವುದೇ ಇಲ್ಲ, ಮರುದಿನ ಎದ್ದು ಅದೇ ಸುಗ್ರೀವನೊಂದಿಗೆ ಅದೇ ಜಗಳಕ್ಕೆ ನಿಲ್ಲುತ್ತಾನೆ. ಏನೇ ನಡೆದರೂ ಮರುದಿನ ಯಾರಿಗೂ ನೆನಪಿರುವುದಿಲ್ಲವೆಂದ ಮೇಲೆ, ನಡೆದದ್ದಕ್ಕೆ ಬೆಲೆ ಎಲ್ಲಿ?

ಶಿರಸಿ ಮದ್ದಳೆ

ಮಂಗಳದ ಮಾತನ್ನು ಒಪ್ಪಿದೆ. ಅದು ನನಗೆ ಹೊಳೆದಿರಲಿಲ್ಲ.

ಸಂಭಾಷಣೆಕಾರ

ಆರು ವರ್ಷ ಕನ್ನಡದ ದೈನಿಕ ಧಾರಾವಾಹಿಗಳಿಗೆ ಸಂಭಾಷಣೆ ಬರೆದವನಾಗಿ, ಸೋಮಾರಿತನದ ಆರೋಪಕ್ಕೆ ಉತ್ತರ ಕೊಡಲೇಬೇಕಾಗಿದೆ. ಒನ್‌ಲೈನ್, ಅಂದರೆ ಕಂತಿನ ಕಥೆಯ ಸಾರ ಬರೆಯುವವರು ಒಬ್ಬರು, ಸ್ಕ್ರೀನ್‌ಪ್ಲೇ ಮಾಡುವವರು ಇನ್ನೊಬ್ಬರು, ಮಾತು ಬರೆಯುವವನು ನಾನು. ಎಷ್ಟೋ ದಿನ ಬೆಳಿಗ್ಗೆ ಶೂಟಿಂಗ್ ಆರಂಭವಾಗುವ ಹೊತ್ತಿಗೆ ನನ್ನ ದೃಶ್ಯ ಸೆಟ್ ತಲುಪಿರುತ್ತಿರಲಿಲ್ಲ. ಕಲಾವಿದರೊಬ್ಬರ ಡೇಟ್ ಸಿಗದಿದ್ದರೆ, ಆ ಪಾತ್ರವನ್ನು ಊರಿಗೆ ಕಳುಹಿಸಿ, ಉಳಿದ ಇಬ್ಬರನ್ನು ಅದೇ ಹಾಲ್‌ನಲ್ಲಿ ಕೂರಿಸಿ ಐದು ನಿಮಿಷ ಮಾತನಾಡಿಸಬೇಕು. ಗುರುವಾರ ರೇಟಿಂಗ್ ಬರುತ್ತದೆ. ಅದು ಬಂದ ಮಧ್ಯಾಹ್ನವೇ ಕಥೆಯ ದಿಕ್ಕು ಬದಲಾದದ್ದನ್ನು ನಾನು ಹಲವು ಬಾರಿ ಕಂಡಿದ್ದೇನೆ.

ಒಂದು ಧಾರಾವಾಹಿಯಲ್ಲಿ ಜಿಪುಣ ಚಿಕ್ಕಪ್ಪನ ಪಾತ್ರವಿತ್ತು. ಹೆಸರು ಬೇಡ. ಆತ ಕಾಫಿಪುಡಿಯನ್ನೂ ಅಳೆದು ಕೊಡುತ್ತಿದ್ದ, ಆದರೆ ಅಣ್ಣನ ಮಗಳ ಕಾಲೇಜು ಫೀಜನ್ನು ಯಾರಿಗೂ ತಿಳಿಯದಂತೆ ಕಟ್ಟುತ್ತಿದ್ದ. ಆ ಎರಡನೆಯ ಗುಣವೇ ಆತನನ್ನು ಮನುಷ್ಯನನ್ನಾಗಿ ಮಾಡಿತ್ತು. ಕಾಫಿಪುಡಿಯ ದೃಶ್ಯ ಬಂದ ವಾರ ರೇಟಿಂಗ್ ಏರಿತು. ಮುಂದಿನ ವಾರದಿಂದ ಫೀಜಿನ ಎಳೆಯನ್ನು ಬಿಡಲು ಸೂಚನೆ ಬಂತು. ಸಕ್ಕರೆ, ಸೋಪು, ಕೊನೆಗೆ ದೇವರ ಮುಂದಿನ ದೀಪದ ಎಣ್ಣೆ, ಹೀಗೆ ಆತ ಎಲ್ಲವನ್ನೂ ಅಳೆಯುತ್ತಾ ಹೋದ. ಆರು ತಿಂಗಳಲ್ಲಿ ಆತ ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಮುಂದಿನ ಮಾತು ಏನೆಂದು ಪ್ರೇಕ್ಷಕರಿಗೆ ಗೊತ್ತಾಗುತ್ತಿತ್ತು. ನನಗೂ ಗೊತ್ತಾಗುತ್ತಿತ್ತು, ಆದ್ದರಿಂದ ಬರೆಯುವುದು ಸುಲಭವಾಗಿತ್ತು, ಆ ಸುಲಭವೇ ನನಗೆ ಇಂದಿಗೂ ನೋವು ಕೊಡುತ್ತದೆ. ಆ ಪಾತ್ರ ಮಾಡುತ್ತಿದ್ದ ಹಿರಿಯ ಕಲಾವಿದರು ಒಮ್ಮೆ ನನ್ನನ್ನು ಪಕ್ಕಕ್ಕೆ ಕರೆದು, ‘ಸ್ವಾಮಿ, ಆ ಹುಡುಗಿಯ ಫೀಜು ಈಗ ಯಾರು ಕಟ್ಟುತ್ತಿದ್ದಾರೆ?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಲೆಕ್ಕದ ಮೇಷ್ಟ್ರು

ಇದಕ್ಕೆ ಇಂಗ್ಲಿಷ್ ಅಭಿಮಾನಿಗಳ ವಲಯದಲ್ಲಿ ‘ಫ್ಲ್ಯಾಂಡರೈಸೇಷನ್’ ಎಂಬ ಹೆಸರೇ ಇದೆ. 1989ರಿಂದ ಇಂದಿನವರೆಗೂ ನಡೆಯುತ್ತಿರುವ ‘ದಿ ಸಿಂಪ್ಸನ್ಸ್’ನಲ್ಲಿ ನೆಡ್ ಫ್ಲ್ಯಾಂಡರ್ಸ್ ಮೊದಲು ಒಬ್ಬ ಒಳ್ಳೆಯ ನೆರೆಮನೆಯವನಾಗಿದ್ದ, ದೈವಭಕ್ತಿ ಆತನ ಹಲವು ಗುಣಗಳಲ್ಲಿ ಒಂದಾಗಿತ್ತು. ವರ್ಷಗಳು ಕಳೆದಂತೆ ಆ ಒಂದೇ ಗುಣ ಇಡೀ ಮನುಷ್ಯನನ್ನು ನುಂಗಿತು. ನಿಮ್ಮ ಚಿಕ್ಕಪ್ಪನದೂ ಅದೇ ಗತಿ. ‘ಫ್ರೆಂಡ್ಸ್’ನ ಜೋಯಿಯನ್ನೂ ನೆನಪಿಸಿಕೊಳ್ಳಿ. 1994ರಲ್ಲಿ ಆತ ಮುಗ್ಧನಾಗಿದ್ದರೂ ಲೋಕ ಬಲ್ಲವನಾಗಿದ್ದ, ಕೊನೆಯ ಸೀಸನ್ನುಗಳಲ್ಲಿ ಏನನ್ನೂ ಅರಿಯದ ದಡ್ಡನಾಗಿದ್ದ.

ಮೈಸೂರು ಹುಡುಗಿ

‘ಸಿಲ್ಲಿ ಲಲ್ಲಿ’ಯ ಡಾಕ್ಟರ್ ವಿಠಲ್ ರಾವ್, ಸಮಾಜ ಸೇವಕಿ ಲಲಿತಾಂಬ ಇವರನ್ನು ಮರೆಯಬೇಡಿ. ಲಲಿತಾಂಬ ತನ್ನನ್ನು ತಾನು ಪರಿಚಯಿಸಿಕೊಳ್ಳುವ ರೀತಿ ಒಂದಿಷ್ಟೂ ಬದಲಾಗುತ್ತಿರಲಿಲ್ಲ, ನಾವು ಶಾಲೆಯಲ್ಲಿ ಅದನ್ನೇ ಅನುಕರಿಸುತ್ತಿದ್ದೆವು. ಬದಲಾಗಿದ್ದರೆ ನಮಗೆ ಸಿಟ್ಟು ಬರುತ್ತಿತ್ತು.

ಜಯನಗರದವ

ಸಂಭಾಷಣೆಕಾರರೇ, ‘ಸೋಮಾರಿತನ’ ಎಂಬ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಆದರೆ ತಪ್ಪು ಎಲ್ಲಿಯೂ ಇಲ್ಲವೆಂದು ಮಾತ್ರ ಒಪ್ಪಲಾರೆ. ಬ್ರಿಟನ್ನಿನವರು ‘ಫಾಲ್ಟಿ ಟವರ್ಸ್’ ಅನ್ನು ಕೆಲವೇ ವರ್ಷ ನಡೆಸಿ ನಿಲ್ಲಿಸಿದರು, ಅದು ಹಳಸಲಿಲ್ಲ.

ಲೀಡ್ಸ್ ಕನ್ನಡಿಗ

ಒಂದು ತಿದ್ದುಪಡಿ: ಕೆಲವು ವರ್ಷ ಒಂದೇ ಸಮನೆ ನಡೆಸಲಿಲ್ಲ. 1975ರಲ್ಲಿ ಆರು, 1979ರಲ್ಲಿ ಆರು, ಒಟ್ಟು 12 ಕಂತುಗಳಷ್ಟೇ. ಇಬ್ಬರೇ ಕುಳಿತು ಬರೆದದ್ದು. ಅಮೆರಿಕದ ದೊಡ್ಡ ವಾಹಿನಿಗಳು ಅಷ್ಟು ಕಂತುಗಳನ್ನು ಅರ್ಧ ಸೀಸನ್ನಿಗೆ ಕೇಳುತ್ತಿದ್ದವು. ವರ್ಷಕ್ಕೆ 22 ಅಥವಾ 24 ಕಂತು, ಅದಕ್ಕೊಂದು ಕೋಣೆ ತುಂಬ ಬರಹಗಾರರು. 100 ಕಂತು ಮುಟ್ಟಿದರೆ ಮರುಪ್ರಸಾರಕ್ಕೆ ಬೇರೆ ಬೇರೆ ವಾಹಿನಿಗಳಿಗೆ ಮಾರಲು ಅನುಕೂಲವೆಂಬ ಲೆಕ್ಕಾಚಾರ ಬಹಳ ಕಾಲ ಅಲ್ಲಿತ್ತು. ಹೀಗೆ ಮಾರುವ ಕಂತುಗಳನ್ನು ಜನ ಯಾವ ಕ್ರಮದಲ್ಲಿ ನೋಡುತ್ತಾರೋ ಹೇಳಲಾಗದು. ಆದ್ದರಿಂದ ಪ್ರತಿ ಕಂತೂ ತಾನು ಆರಂಭವಾದ ಜಾಗಕ್ಕೇ ಬಂದು ನಿಲ್ಲುವುದು ವ್ಯಾಪಾರಕ್ಕೂ ಒಳ್ಳೆಯದಾಗಿತ್ತು. ‘ಮರುದಿನ ಯಾರಿಗೂ ನೆನಪಿರುವುದಿಲ್ಲ’ ಎಂದಿರಲ್ಲ, ಅದರ ಒಂದು ಮೂಲ ಅಲ್ಲಿದೆ.

ಆದರೆ ಉದ್ದವಾದದ್ದೆಲ್ಲ ಕೆಡುತ್ತದೆ ಎಂಬುದಕ್ಕೆ ನನ್ನ ನೆರೆಯಲ್ಲೇ ಒಂದು ಅಪವಾದವಿದೆ. ಇಲ್ಲಿಗೆ ಹತ್ತಿರದ ಹೋಮ್‌ಫರ್ತ್ ಎಂಬ ಪುಟ್ಟ ಊರಿನಲ್ಲಿ ಚಿತ್ರೀಕರಣವಾದ ‘ಲಾಸ್ಟ್ ಆಫ್ ದಿ ಸಮ್ಮರ್ ವೈನ್’ 1973ರಿಂದ 2010ರವರೆಗೆ ನಡೆಯಿತು. 295 ಕಂತುಗಳನ್ನೂ ರಾಯ್ ಕ್ಲಾರ್ಕ್ ಒಬ್ಬರೇ ಬರೆದರು. ಕೆಲಸವಿಲ್ಲದ ಮೂವರು ವಯಸ್ಸಾದ ಗಂಡಸರು ಬೆಟ್ಟದ ದಾರಿಗಳಲ್ಲಿ ಸುತ್ತುತ್ತಾ ಏನೋ ಒಂದು ಹುಚ್ಚು ಯೋಜನೆ ಹಾಕುತ್ತಾರೆ, ಯಾವುದೋ ಗಾಲಿಯ ವಸ್ತು ಇಳಿಜಾರಿನಲ್ಲಿ ಉರುಳಿ ಬೀಳುತ್ತದೆ. ಇಷ್ಟೇ. ನಟರು ಒಬ್ಬೊಬ್ಬರಾಗಿ ತೀರಿಕೊಂಡಾಗ ಹೊಸಬರು ಬಂದು ಆ ಮೂವರಲ್ಲಿ ಒಬ್ಬರಾದರು. ನನ್ನ ಪಕ್ಕದ ಮನೆಯ ವೃದ್ಧೆ ಅದನ್ನು ನೋಡುವಾಗ ನಾನು ಜೊತೆಗೆ ಕುಳಿತಿದ್ದೇನೆ. ಉರುಳಿ ಬೀಳುವುದನ್ನು ಆಕೆ ಕಾಯುತ್ತಿರಲಿಲ್ಲ, ಅದಕ್ಕೆ ಮುಂಚೆ ಕಲ್ಲಿನ ಗೋಡೆಗೆ ಒರಗಿ ಆ ಮೂವರು ಸಾವಿನ ಬಗ್ಗೆ, ಮದುವೆಯ ಬಗ್ಗೆ ಆಡುವ ಮಾತಿಗೆ ಕಿವಿಗೊಡುತ್ತಿದ್ದರು.

ಶಿರಸಿ ಮದ್ದಳೆ

ಹಾಗಾದರೆ ಮಾತೇ ಮುಖ್ಯ ಎಂದ ನನ್ನ ವಾದ ಅಲ್ಲಿಯೂ ನಿಂತಿತು.

ಸಿಯಾಟಲ್ ಮಳೆ

ಕೊನೆಯನ್ನು ಮೊದಲೇ ತೀರ್ಮಾನಿಸಿಟ್ಟುಕೊಂಡರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. ‘ಹೌ ಐ ಮೆಟ್ ಯುವರ್ ಮದರ್’ 2005ರಿಂದ 2014ರವರೆಗೆ 208 ಕಂತು ನಡೆಯಿತು. ತಾಯಿಯನ್ನು ಹೇಗೆ ಭೇಟಿಯಾದೆ ಎಂದು ತಂದೆ ಹೇಳುವ ಕಥೆ ಕೇಳುವ ಮಕ್ಕಳು ದೊಡ್ಡವರಾಗಿಬಿಡುತ್ತಾರೆಂದು, ಅವರ ಕೊನೆಯ ದೃಶ್ಯವನ್ನು ಎರಡನೆಯ ಸೀಸನ್ ಹೊತ್ತಿಗೇ ಚಿತ್ರೀಕರಿಸಿ ಗುಟ್ಟಾಗಿ ಇಟ್ಟಿದ್ದರು. ಆದರೆ ಏಳೆಂಟು ವರ್ಷಗಳಲ್ಲಿ ಪಾತ್ರಗಳು ಬೇರೆ ದಾರಿ ಹಿಡಿದಿದ್ದವು. ಇಡೀ ಕೊನೆಯ ಸೀಸನ್ ಒಂದು ಮದುವೆಯ ವಾರಾಂತ್ಯವನ್ನು ತೋರಿಸಿ, ಕೊನೆಯ ಕಂತಿನಲ್ಲಿ ಆ ಮದುವೆಯನ್ನೇ ಮುರಿದು, ನಾವು ಬಹಳ ಸಮಯ ಕಾದ ತಾಯಿಯ ಸಾವನ್ನು ಹೇಳಿ, ಆರಂಭದ ಜೋಡಿಯನ್ನೇ ಕೂಡಿಸಿದರು. ನಾನು ಅಂದು ನಿಜವಾಗಿಯೂ ದುಃಖಪಟ್ಟೆ. ಅದನ್ನು ಯಾರೂ ಊಹಿಸಲಾರದ ತಿರುವೆಂದು ಕರೆಯಬಹುದು, ಆದರೆ ಪಾತ್ರಗಳ ಒಳಗಿಂದ ಬಾರದ ಅಚ್ಚರಿಗಿಂತ ಊಹಿಸಬಹುದಾದ ಅಂತ್ಯವೇ ಮೇಲೆಂದು ಆ ರಾತ್ರಿ ನನಗನಿಸಿತು.

ಲೆಕ್ಕದ ಮೇಷ್ಟ್ರು

ಒಪ್ಪುತ್ತೇನೆ. 1977ರಲ್ಲಿ ‘ಹ್ಯಾಪಿ ಡೇಸ್’ನ ಫಾನ್ಜ್ ನೀರಿನ ಮೇಲೆ ಜಾರುತ್ತಾ ಶಾರ್ಕ್ ಮೀನಿನ ಮೇಲಿಂದ ಹಾರಿದ್ದೂ ಅಚ್ಚರಿಯೇ. ಧಾರಾವಾಹಿಯೊಂದು ತನ್ನ ಹದ ತಪ್ಪಿತು ಎನ್ನಲು ಅಮೆರಿಕನ್ನರು ಇಂದಿಗೂ ಆ ಹಾರಾಟವನ್ನೇ ನುಡಿಗಟ್ಟಾಗಿ ಬಳಸುತ್ತಾರೆ. ಆದರೂ ಅದು 1984ರವರೆಗೆ ನಡೆಯಿತು ಎಂಬುದನ್ನು ಗಮನಿಸಿ. ಪ್ರೇಕ್ಷಕರು ಟೀಕಾಕಾರರಷ್ಟು ಬೇಗ ಕೈಬಿಡುವುದಿಲ್ಲ.

ಗದಗಿನ ಮಗ

ನಾನು ಈ ವೇದಿಕೆಯಲ್ಲಿ ಸಾಮಾನ್ಯವಾಗಿ ಬರೆಯುವವನಲ್ಲ. ನಮ್ಮ ತಂದೆಯವರಿಗೆ ಪಾರ್ಶ್ವವಾಯು ಆದ ಮೇಲೆ ಮಾತು ನಿಂತಿತ್ತು. ಏನು ಹೇಳಬೇಕೆಂದು ಗೊತ್ತಿರುತ್ತಿತ್ತು, ಪದ ಬಾಯಿಗೆ ಬರುತ್ತಿರಲಿಲ್ಲ. ಮಧ್ಯಾಹ್ನಗಳಲ್ಲಿ ನಾನು ಯೂಟ್ಯೂಬಿನಲ್ಲಿ ಹಳೆಯ ‘ಪಾಪ ಪಾಂಡು’ ಹಾಕಿಡುತ್ತಿದ್ದೆ. ಹೆಂಡತಿಯಿಂದ ಪಾಂಡುವಿಗೆ ಏಟು ಬೀಳುವುದು ನಿಶ್ಚಿತವೆಂದು ತಂದೆಯವರಿಗೂ ಗೊತ್ತು. ಒಂದು ದಿನ ಅದಕ್ಕೆ ಸ್ವಲ್ಪ ಮುಂಚೆ, ‘ಬಿತ್ತು’ ಎಂದರು. ಏಳು ವಾರಗಳಲ್ಲಿ ಅದು ಅವರ ಮೊದಲ ಸ್ಪಷ್ಟ ಪದ. ಅನಂತರ ಅದೇ ಕಂತುಗಳನ್ನು ಮತ್ತೆ ಮತ್ತೆ ಹಾಕಿದೆ. ಮುಂದೆ ಬರುವುದು ಗೊತ್ತಿದ್ದರಿಂದ ಅವರಿಗೆ ಪದ ಹುಡುಕಲು ಸಮಯ ಸಿಗುತ್ತಿತ್ತು ಎಂದು ನಾನು ತಿಳಿದಿದ್ದೇನೆ. ಅಚ್ಚರಿಯ ತಿರುವುಗಳಿದ್ದಿದ್ದರೆ ಅವರು ಹಿಂದೆ ಬೀಳುತ್ತಿದ್ದರು.

ಹುಬ್ಬಳ್ಳಿ ಓದುಗಿ

ಅಣ್ಣಾ, ಇದನ್ನು ಓದಿ ಬಹಳ ಹೊತ್ತು ಏನೂ ಬರೆಯಲಾಗಲಿಲ್ಲ. ತಂದೆಯವರು ಈಗ ಹೇಗಿದ್ದಾರೆ?

ಗದಗಿನ ಮಗ

ಚಿಕ್ಕ ವಾಕ್ಯಗಳಲ್ಲಿ ಮಾತನಾಡುತ್ತಾರೆ ಅಕ್ಕ. ಕಂತು ಬದಲಾಯಿಸಿದರೆ ಬೈಯುತ್ತಾರೆ.

ಜಯನಗರದವ

ನಿಮ್ಮ ತಂದೆಯವರಿಗೆ ಒಳ್ಳೆಯದಾಗಲಿ. ಆದರೂ ಒಂದು ಮಾತನ್ನು ವಿನಯದಿಂದ ಹೇಳುತ್ತೇನೆ. ನೋಡುವವರಿಗೆ ನೆಮ್ಮದಿ ಸಿಗುತ್ತದೆ ಎಂಬುದು ಬರೆಯುವವರಿಗೆ ವಿನಾಯಿತಿಯಾಗಬಾರದು. 2004ರಲ್ಲಿ ಆರಂಭವಾದ ‘ಸಾರಾಭಾಯ್ ವರ್ಸಸ್ ಸಾರಾಭಾಯ್’ ಸುಮಾರು 70 ಕಂತುಗಳಲ್ಲಿ ನಿಂತಿತು. ಅತ್ತೆ ಮಾಯಾ ತನ್ನ ಸೊಸೆಯನ್ನು ಹಂಗಿಸುತ್ತಾಳೆಂದು ಗೊತ್ತು, ಆದರೆ ಯಾವ ಮಾತಿನಿಂದ ಹಂಗಿಸುತ್ತಾಳೆಂದು ಕೊನೆಯವರೆಗೂ ಗೊತ್ತಾಗಲಿಲ್ಲ. ಜನ ಅದನ್ನು ಮರುಪ್ರಸಾರದಲ್ಲಿ ಎತ್ತಿಹಿಡಿದರು. ಶಿರಸಿಯವರೇ, ಇದು ನಿಮ್ಮ ಪಕ್ಷಕ್ಕೇ ಸಾಕ್ಷಿ, ತೆಗೆದುಕೊಳ್ಳಿ.

ಸಂಭಾಷಣೆಕಾರ

70 ಕಂತುಗಳಲ್ಲಿ ಆ ಹದ ಉಳಿಸಬಹುದು. ವಾರಕ್ಕೆ ಐದು ಕಂತು ಬರೆಯುವವರನ್ನು ಅದೇ ತಕ್ಕಡಿಯಲ್ಲಿ ತೂಗಬೇಡಿ.

ಮೈಸೂರು ಹುಡುಗಿ

‘ದಿ ಬಿಗ್ ಬ್ಯಾಂಗ್ ಥಿಯರಿ’ 279 ಕಂತುಗಳಲ್ಲಿ ಅದನ್ನು ಒಮ್ಮೆ ಸಾಧಿಸಿತು. ಶೆಲ್ಡನ್ ಪೆನ್ನಿಯ ಬಾಗಿಲನ್ನು ಮೂರು ಬಾರಿ ತಟ್ಟಿ ಮೂರು ಬಾರಿ ಹೆಸರು ಕೂಗುವುದು ಎಲ್ಲರಿಗೂ ಬಾಯಿಪಾಠ. ಹತ್ತನೆಯ ಸೀಸನ್ನಿನಲ್ಲಿ ಆತ ಕಾರಣ ಹೇಳುತ್ತಾನೆ: ಹದಿಹರೆಯದಲ್ಲಿ ಒಮ್ಮೆ ತಟ್ಟದೆ ಬಾಗಿಲು ತೆರೆದಾಗ ತಂದೆಯನ್ನು ಬೇರೊಬ್ಬ ಹೆಂಗಸಿನ ಜೊತೆ ಕಂಡಿದ್ದ. ಒಂಬತ್ತು ವರ್ಷ ನಾವು ನಕ್ಕ ಅಭ್ಯಾಸದ ಹಿಂದೆ ಒಂದು ಗಾಯವಿತ್ತು. ಅನಂತರವೂ ಆತ ಮೂರು ಬಾರಿಯೇ ತಟ್ಟುತ್ತಾನೆ, ಆದರೆ ನನಗೆ ಆ ಸದ್ದು ಬೇರೆಯಾಗಿ ಕೇಳಿಸತೊಡಗಿತು.

ಸಂಭಾಷಣೆಕಾರ

ಇದನ್ನು ಒಪ್ಪುತ್ತೇನೆ. ಚಿಕ್ಕಪ್ಪನ ಕಾಫಿಪುಡಿಗೂ ಇಂಥದೊಂದು ಕಾರಣ ಕೊಡಬಹುದಿತ್ತು. ಕೇಳುವ ಧೈರ್ಯ ನನಗೆ ಬರಲಿಲ್ಲ.

ಹಳೆಯ ದೂರದರ್ಶನ

ಊಹೆಯನ್ನು ತಪ್ಪಿಸಲು ಇನ್ನೊಂದು ದಾರಿಯನ್ನು ನಾವು 1984ರಲ್ಲೇ ಕಂಡಿದ್ದೆವು. ದೂರದರ್ಶನದ ‘ಯೇ ಜೋ ಹೈ ಜಿಂದಗಿ’ಯಲ್ಲಿ ಗಂಡ, ಹೆಂಡತಿ, ಆಕೆಯ ತಮ್ಮ ಇವರು ಬದಲಾಗುತ್ತಿರಲಿಲ್ಲ, ಆದರೆ ಸತೀಶ್ ಶಾ ಕಂತಿನಿಂದ ಕಂತಿಗೆ ಬೇರೆ ಬೇರೆ ಮನುಷ್ಯರಾಗಿ ಬರುತ್ತಿದ್ದರು. ಮನೆ ಗೊತ್ತಿರುತ್ತಿತ್ತು, ಬಾಗಿಲು ತಟ್ಟುವವರು ಯಾರೆಂದು ಗೊತ್ತಿರುತ್ತಿರಲಿಲ್ಲ. ನಮ್ಮ ಬೀದಿಯಲ್ಲಿ ಒಂದೇ ಟಿವಿ ಇತ್ತು, ಇಂದು ಅವರು ಯಾವ ವೇಷದಲ್ಲಿ ಬರುತ್ತಾರೆಂದು ನಾವು ಹುಡುಗರು ಗೋಲಿಗಳನ್ನು ಪಣಕ್ಕಿಡುತ್ತಿದ್ದೆವು. ಮೇಡಂ, ನಿಮ್ಮ ಮಗಳಿಗೆ ಒಮ್ಮೆ ತೋರಿಸಿ ನೋಡಿ.

ಹುಬ್ಬಳ್ಳಿ ಓದುಗಿ

ನಿಮ್ಮೆಲ್ಲರ ಉತ್ತರಗಳನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಕಳೆದ ನಾಲ್ಕು ರಾತ್ರಿ ಒಂದು ಪ್ರಯೋಗ ಮಾಡಿದೆವು: ಕಂತಿನ ಎರಡು ನಿಮಿಷ ಕಳೆದ ಮೇಲೆ ತೆರೆಯನ್ನು ನಿಲ್ಲಿಸಿ, ಮಗಳು ಮತ್ತು ಅತ್ತೆಯವರು ಮುಂದಿನದನ್ನು ಬೇರೆ ಬೇರೆ ಚೀಟಿಯಲ್ಲಿ ಬರೆಯಬೇಕು. ಮಗಳು ಪ್ರತಿ ಸಲವೂ ಕೊನೆಯಲ್ಲಿ ಏನಾಗುತ್ತದೆ ಎಂದು ಬರೆದಳು. ಅತ್ತೆಯವರು ಒಮ್ಮೆಯೂ ಕೊನೆಯನ್ನು ಬರೆಯಲಿಲ್ಲ. ‘ಜೇಠಾಲಾಲ್ ಈಗ ಕಣ್ಣು ಮುಚ್ಚಿ ಉಸಿರು ಬಿಡುತ್ತಾನೆ’, ‘ಆತನ ತಂದೆ ಬಾಪೂಜಿ ಕೋಲು ಊರಿಕೊಂಡು ಒಳಗೆ ಬಂದು ಮೊದಲು ಮೌನವಾಗಿ ನಿಲ್ಲುತ್ತಾರೆ’ ಎಂಬಂಥವು ಅವರ ಚೀಟಿಗಳು. ಇಬ್ಬರೂ ಬಹುಮಟ್ಟಿಗೆ ಗೆದ್ದರು, ಆದರೆ ಇಬ್ಬರೂ ನೋಡುತ್ತಿದ್ದುದು ಬೇರೆ ಬೇರೆ ಧಾರಾವಾಹಿಯನ್ನೇನೋ ಎನಿಸಿತು.

ನಿನ್ನೆ ‘ಯೇ ಜೋ ಹೈ ಜಿಂದಗಿ’ಯ ಎರಡು ಕಂತುಗಳನ್ನು ಹುಡುಕಿ ಹಾಕಿದೆ. ಚಿತ್ರ ಮಸುಕಾಗಿತ್ತು, ಮಗಳು ಮೊದಲು ಗೊಣಗಿದಳು. ಎರಡನೆಯ ಕಂತಿನಲ್ಲಿ ಸತೀಶ್ ಶಾ ಬೇರೆ ವೇಷದಲ್ಲಿ ಬಂದಾಗ ಚೀಟಿಯನ್ನು ಮಡಚಿಟ್ಟಳು. ಮಲಗುವ ಮುಂಚೆ ಬಂದು, ‘ನಾಳೆ ಅವರು ಯಾರಾಗಿ ಬರುತ್ತಾರೆ?’ ಎಂದು ಕೇಳಿದಳು. ಹಳೆಯ ದೂರದರ್ಶನದವರೇ, ಮೂರನೆಯದು ಯಾವುದನ್ನು ತೋರಿಸಲಿ?